ಡಿಪಿಎಫ್ ದೀಪ ಆರುತ್ತಿಲ್ಲ, ಏನು ಮಾಡಲಿ?

ಪೆರ್ಲದಿಂದ:
ನನ್ನದು 2021ರ ಬಿಎಸ್6 ಡೀಸೆಲ್ ಕಾರು. 48 ಸಾವಿರ ಕಿ.ಮೀ. ಓಡಿದೆ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ದೀಪ ಹತ್ತಿ ನಾಲ್ಕು ದಿನ ಆಯ್ತು, ಪಿಕಪ್ ಕೂಡ ಕಡಿಮೆಯಾಗಿದೆ. ಓಡಾಟ ಎಲ್ಲ ಸಣ್ಣದು: ಮಗಳ ಶಾಲೆ, ಸೊಸೈಟಿ, ತೋಟ. ವಾರಕ್ಕೊಮ್ಮೆ ಬದಿಯಡ್ಕ. ಒಂದು ಗ್ಯಾರೇಜಿನವರು "ಫಿಲ್ಟರಿನ ಒಳಗಿನದ್ದು ಒಡೆದು ತೆಗೆಯುವ, ಮತ್ತೆ ತಲೆಬಿಸಿ ಇಲ್ಲ" ಅಂದರು. ಹೆದರಿ ವಾಪಸ್ ಬಂದೆ.

ಕುಂಬಳೆಯಿಂದ:
ಬಂದದ್ದು ಒಳ್ಳೆಯದಾಯ್ತು ಅಣ್ಣ. ದಯವಿಟ್ಟು ಒಡೆಸಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಅದು ತಪ್ಪು. ಅದಕ್ಕಿಂತ ಮುಖ್ಯ, ಆ ಮಸಿ ಶಾಲೆಯ ಗೇಟಿನ ಹತ್ತಿರ ನಿಂತ ಮಕ್ಕಳ ಎದೆಗೇ ಹೋಗುತ್ತದೆ.

ಫಿಲ್ಟರ್ ಒಳಗೆ ಜೇನುಗೂಡಿನ ಹಾಗೆ ಕಿಂಡಿಗಳಿವೆ, ಒಂದು ಬಿಟ್ಟು ಒಂದು ಮುಚ್ಚಿರುತ್ತದೆ. ಹೊಗೆ ಗೋಡೆಯ ಮೂಲಕವೇ ದಾಟಬೇಕು, ಮಸಿ ಅಲ್ಲೇ ಉಳಿಯುತ್ತದೆ. ಅದು ತುಂಬಿದಾಗ ಇಂಜಿನ್ ತಾನಾಗಿ ಸ್ವಲ್ಪ ಹೆಚ್ಚು ಡೀಸೆಲ್ ಬಿಟ್ಟು, ಫಿಲ್ಟರನ್ನು 600 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾಯಿಸಿ ಮಸಿ ಸುಡುತ್ತದೆ. ಇದಕ್ಕೆ 15-20 ನಿಮಿಷ ಬೇಕು. ನೀವು ಅಷ್ಟರಲ್ಲಿ ಶಾಲೆ ಮುಟ್ಟಿ ಆಫ್ ಮಾಡುತ್ತೀರಿ, ಅಲ್ವಾ?

ಈಗ ಒಂದು ಕೆಲಸ ಮಾಡಿ. ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ತಣಿದ ಮೇಲೆ ಆಯಿಲ್ ಕಡ್ಡಿ ಎಳೆದು ನೋಡಿ.

ಪೆರ್ಲದಿಂದ:
ನೋಡಿದೆ. ಮೇಲಿನ ಗುರುತಿಗಿಂತ ಒಂದು ಬೆರಳು ಮೇಲಿದೆ! ನಾನು ಆಯಿಲ್ ಹಾಕಿಯೇ ಇಲ್ಲ. ಬೆರಳಲ್ಲಿ ಉಜ್ಜಿದರೆ ನೀರು ನೀರು, ಡೀಸೆಲ್ ವಾಸನೆ.

ಕುಂಬಳೆಯಿಂದ:
ಮಸಿ ಸುಡುವುದು ಅರ್ಧಕ್ಕೆ ನಿಂತ ಪ್ರತಿ ಸಲವೂ ಉರಿಯದೆ ಉಳಿದ ಡೀಸೆಲ್ ಪಿಸ್ಟನ್ ಪಕ್ಕದಿಂದ ಕೆಳಗೆ ಆಯಿಲಿಗೆ ಇಳಿದಿದೆ. ಸುಮ್ನೆ ಹೈವೇಗೆ ಹೋಗಿ ಜೋರಾಗಿ ಓಡಿಸಬೇಡಿ. ತೆಳುವಾದ ಆಯಿಲಿಂದ ಬೇರಿಂಗ್, ಟರ್ಬೊ (ಇಂಜಿನಿಗೆ ಗಾಳಿ ಒತ್ತಿ ಕೊಡುವ ಭಾಗ) ಎರಡೂ ಹೋಗಬಹುದು. ಮಟ್ಟ ತುಂಬಾ ಏರಿದರೆ ಇಂಜಿನ್ ಆ ಆಯಿಲನ್ನೇ ಎಳೆದು ಉರಿಸಿಕೊಂಡು ನಿಲ್ಲದೆ ಓಡಲೂಬಹುದು. ಮೊದಲು ಆಯಿಲ್ ಬದಲಿಸಿ. ಡಿಪಿಎಫ್ ಕಾರಿಗೆ ಹೇಳಿದ, ಬೂದಿ ಕಡಿಮೆ ಬಿಡುವ ಆಯಿಲ್ಲೇ ಆಗಬೇಕು. ಮಸಿ ಸುಟ್ಟು ಹೋಗುತ್ತದೆ, ಆಯಿಲ್ ಬೂದಿ ಹೋಗುವುದಿಲ್ಲ. ಆಮೇಲೆ ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಇರುವಲ್ಲಿ ಫಿಲ್ಟರ್ ಸುಡಿಸಿ.

ಪೆರ್ಲದಿಂದ:
ಎರಡೂ ಆಯ್ತು, ದೀಪ ಆರಿತು. ಟ್ಯಾಂಕಲ್ಲಿ ಅರ್ಧ ಡೀಸೆಲ್ ಇಟ್ಟುಕೊಂಡು ಸೀತಾಂಗೋಳಿ ದಾರಿಯಾಗಿ ಕುಂಬಳೆ, ಅಲ್ಲಿಂದ ಹೈವೇಯಲ್ಲಿ ತಲಪಾಡಿವರೆಗೆ ಹೋಗಿ ಬಂದೆ. ಚೆನ್ನಾಗಿತ್ತು. ಆದರೆ ಒಂಬತ್ತನೇ ದಿನ ದೀಪ ಮತ್ತೆ ಬಂತು ಮಾರಾಯ್ರೆ.

ಕುಂಬಳೆಯಿಂದ:
ಹಾಗಾದರೆ ಓಡಾಟ ಮಾತ್ರ ಕಾರಣ ಅಲ್ಲ. ಮಸಿ ಜಾಸ್ತಿ ಎಲ್ಲಿಂದ ಬರುತ್ತಿದೆ ಅಂತ ಹುಡುಕಬೇಕು. ಹಳೆ ಡೀಸೆಲ್ ಗಾಡಿಯಲ್ಲಿ ಗಾಳಿ ಪೈಪ್ ಸೀಳಿದರೆ ಹಿಂದೆ ಕಪ್ಪು ಹೊಗೆ ಕಾಣುತ್ತಿತ್ತು. ಈಗ ಫಿಲ್ಟರ್ ಅದನ್ನು ಹಿಡಿದಿಡುತ್ತದೆ, ಹಾಗಾಗಿ ದೋಷ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಟರ್ಬೊದಿಂದ ಇಂಟರ್‌ಕೂಲರಿಗೆ (ಆ ಗಾಳಿ ತಣಿಸುವ ಭಾಗ) ಹೋಗುವ ಹೋಸ್, ಇಜಿಆರ್ (ಸ್ವಲ್ಪ ಹೊಗೆಯನ್ನು ವಾಪಸ್ ಇಂಜಿನಿಗೇ ಬಿಡುವ ವಾಲ್ವ್), ಇಂಜೆಕ್ಟರ್, ಇದೇ ಕ್ರಮದಲ್ಲಿ ನೋಡಿಸಿ. ಫಿಲ್ಟರಿನ ಒತ್ತಡ ಅಳೆಯುವ ಸೆನ್ಸರಿನ ಸಣ್ಣ ಪೈಪ್ ಸೀಳಿದೆಯಾ ಅಂತಲೂ ನೋಡಿ.

ಪೆರ್ಲದಿಂದ:
ಸಿಕ್ಕಿತು! ಇಂಟರ್‌ಕೂಲರ್ ಹೋಸಿನ ಕ್ಲಾಂಪ್ ಕೆಳಗೆ, ಕೈ ಹಾಕಿದರೆ ಮಾತ್ರ ತಿಳಿಯುವ ಜಾಗದಲ್ಲಿ, ಉಗುರಿನಷ್ಟು ಉದ್ದದ ಸೀಳು. ಸುತ್ತ ಎಣ್ಣೆ ಜಿಡ್ಡು, ಅದಕ್ಕೆ ಕೆಂಪು ಧೂಳು ಮೆತ್ತಿಕೊಂಡಿತ್ತು. ಹೋಸ್ ಬದಲಿಸಿ ಇನ್ನೊಮ್ಮೆ ಸುಡಿಸಿದೆವು. ಐದು ವಾರ ಆಯ್ತು, ದೀಪ ಇಲ್ಲ. ನಿನ್ನೆ ಮನೆ ಅಂಗಳದಲ್ಲಿ ನಿಲ್ಲಿಸುವಾಗ ಫ್ಯಾನ್ ಜೋರಾಗಿ ತಿರುಗುತ್ತಿತ್ತು, ಐಡಲ್ ಸಹ ಏರಿತ್ತು. ಸುಡುತ್ತಿದೆ ಅಂತ ಗೊತ್ತಾಗಿ ಆಫ್ ಮಾಡದೆ ಇನ್ನೊಂದು ಸುತ್ತು ಹೋಗಿ ಬಂದೆ. ಆಯಿಲ್ ಕಡ್ಡಿ ಪ್ರತಿ ಭಾನುವಾರ ನೋಡುತ್ತಿದ್ದೇನೆ, ಮಟ್ಟ ಗುರುತಿನಲ್ಲೇ ಇದೆ.