ಮನೆ ಕಟ್ಟಲು ಮೊದಲ ಹೆಜ್ಜೆ ಯಾವುದು: ನಕ್ಷೆಯೋ, ದುಡ್ಡಿನ ಲೆಕ್ಕವೋ, ಮಣ್ಣೋ?

ಹೊಸಗೂಡು:
ನಾವು ಗಂಡ ಹೆಂಡತಿ ಸೇರಿ ಸೈಟು ತಗೊಂಡು ಎಂಟು ತಿಂಗಳಾಯಿತು. 40 ಅಡಿ ಅಗಲ, 60 ಅಡಿ ಉದ್ದ. ಇಬ್ಬರಿಗೂ ಕಟ್ಟಡದ ಕೆಲಸದ ಗಂಧಗಾಳಿ ಇಲ್ಲ. ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ತೀರ್ಮಾನ ಆಗುತ್ತಿಲ್ಲ. ಮೊದಲು ನಕ್ಷೆ ಬರೆಸೋಣ, ಮನೆ ಕಣ್ಣಿಗೆ ಕಟ್ಟಿದರೆ ಮುಂದಿನದು ಹೊಳೆಯುತ್ತದೆ ಅಂತ ನಮ್ಮವರು ಹೇಳುತ್ತಾರೆ. ದುಡ್ಡಿನ ಲೆಕ್ಕ ಆಗದೆ ಒಂದು ಗೆರೆಯೂ ಬೇಡ ಅಂತ ನಾನು. ಕಟ್ಟಿಸಿದವರು, ಕಟ್ಟುವವರು ದಯವಿಟ್ಟು ಹೇಳಿ.

ಎರಡು ಸಲ ಕಟ್ಟಿಸಿದವ:
ಮೇಡಂ, ನಿಮ್ಮ ಮಾತೇ ಸರಿ. ನಮ್ಮ ಮೊದಲ ಮನೆಯಲ್ಲಿ ನಾವು ನಕ್ಷೆ ನೋಡಿ ಮರುಳಾದೆವು. ಗೋಡೆ ಎದ್ದು ತಾರಸಿ ಬೀಳುವಷ್ಟರಲ್ಲಿ ಕೈ ಖಾಲಿ. ಆಮೇಲೆ ಬಾಗಿಲು, ಕಿಟಕಿ, ನೆಲ, ವೈರಿಂಗ್, ನಲ್ಲಿ, ಬಣ್ಣ. ಒಂದೊಂದೂ ಸಣ್ಣ ಖರ್ಚು ಅನ್ನಿಸುತ್ತದೆ, ಎಲ್ಲ ಕೂಡಿದಾಗ ಎದೆ ಧಸಕ್ಕೆನ್ನುತ್ತದೆ. ಮೇಲಿನ ಎರಡು ಕೋಣೆಗೆ ಒಂದು ವರ್ಷ ಕಿಟಕಿಯೇ ಇರಲಿಲ್ಲ, ಸೆಂಟ್ರಿಂಗ್ ಹಲಗೆ ಹೊಡೆದಿದ್ದೆವು. ಮಳೆ ಬಂದ ರಾತ್ರಿ ಇಬ್ಬರೂ ಎದ್ದು ಹಲಗೆ ಸಂದಿಗೆ ಹಳೆ ಬಟ್ಟೆ ತುರುಕಬೇಕಿತ್ತು.

ಎರಡನೇ ಸಲ ಲೆಕ್ಕವನ್ನು ತಿರುಗಿಸಿ ಹಾಕಿದೆವು. ಒಟ್ಟು ದುಡ್ಡಿನಲ್ಲಿ ಮೊದಲು ನೂರಕ್ಕೆ 15 ಪಾಲು ಪಕ್ಕಕ್ಕಿಟ್ಟೆವು, ಅದನ್ನು ಮುಟ್ಟುವ ಹಾಗಿಲ್ಲ. ಆಮೇಲೆ ಅನುಮತಿಯ ಶುಲ್ಕ, ನಕ್ಷೆ ಮಾಡುವವರ ಸಂಭಾವನೆ, ನೀರು ಮತ್ತು ಕರೆಂಟಿನ ಸಂಪರ್ಕ, ಕಾಂಪೌಂಡು, ಕಟ್ಟುವಷ್ಟು ಕಾಲದ ಬಾಡಿಗೆ, ಸಾಲದ ಬಡ್ಡಿ ಕಳೆದೆವು. ಉಳಿದದ್ದು ಮಾತ್ರ ಮನೆಯ ದುಡ್ಡು. ಆ ಸಂಖ್ಯೆ ನೋಡಿದ ದಿನವೇ ಒಂದು ಕೋಣೆ ಕಮ್ಮಿ ಮಾಡಿದೆವು.

ತಳಪಾಯ:
ನಾನು ಸ್ಟ್ರಕ್ಚರಲ್ ಎಂಜಿನಿಯರ್. ಲೆಕ್ಕ ಬೇಕು, ಒಪ್ಪಿದೆ. ಆದರೆ ಪಾಯಕ್ಕೆ ಎಷ್ಟು ಹೋಗುತ್ತದೆ ಅನ್ನುವುದನ್ನು ಮಣ್ಣು ಹೇಳಬೇಕು, ನೀವಲ್ಲ. ಎರೆಮಣ್ಣಾದರೆ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ, ಮೇಲಿನ ಗೋಡೆಯನ್ನೂ ಎತ್ತಿ ಇಳಿಸುತ್ತದೆ. ತಗ್ಗು ತುಂಬಿಸಿ ಮಟ್ಟ ಮಾಡಿದ ಜಾಗ ಇನ್ನೂ ಕಷ್ಟ. ಮನೆ ಪೂರ್ತಿ ಒಂದೇ ಸಮ ಸ್ವಲ್ಪ ಕೆಳಗಿಳಿದರೆ ಅಷ್ಟು ತೊಂದರೆ ಇಲ್ಲ. ಒಂದು ಮೂಲೆ ಮಾತ್ರ ಇಳಿದರೆ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬರುತ್ತದೆ. ಅದರ ಮೇಲೆ ಎಷ್ಟು ಸಲ ಪ್ಲಾಸ್ಟರ್ ಬಳಿದರೂ ಮತ್ತೆ ಬಾಯಿ ಬಿಡುತ್ತದೆ. ಹಾಗಾಗಿ ಮೊದಲ ಖರ್ಚು ಮಣ್ಣಿನ ಪರೀಕ್ಷೆಗೆ.

ಮರಳು ಜಲ್ಲಿ:
ಸರ್, ನಾನು ಇಪ್ಪತ್ತು ವರ್ಷದಿಂದ ಮನೆ ಕಟ್ಟಿಸುತ್ತಿರುವ ಕಂಟ್ರಾಕ್ಟರ್. ಎರಡಂತಸ್ತಿನ ಮನೆಗೆ ಬೋರ್ ಹಾಕಿಸುವುದು, ಅಂದರೆ ಆಳಕ್ಕೆ ಕೊರೆದು ಮಣ್ಣು ತೆಗೆದು ಪರೀಕ್ಷೆ ಮಾಡಿಸುವುದು, ಸುಮ್ನೆ ಖರ್ಚು. ಆರಡಿ ಗುಂಡಿ ತೋಡಿ, ಮಣ್ಣು ಕೈಯಲ್ಲಿ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಅಕ್ಕಪಕ್ಕದ ಮನೆಗಳ ಗೋಡೆ ನೋಡಿ. ಅವು ಹತ್ತು ವರ್ಷ ಬಿರುಕಿಲ್ಲದೆ ನಿಂತಿದ್ದರೆ ನಿಮ್ಮದೂ ನಿಲ್ಲುತ್ತದೆ.

ತಳಪಾಯ:
ಪಕ್ಕದ ಗೋಡೆ ನೋಡುವುದು ಒಳ್ಳೆಯ ಅಭ್ಯಾಸ, ನಾನೂ ನೋಡುತ್ತೇನೆ. ಆದರೆ ಗುಂಡಿಯ ಮಾತಿಗೆ ಒಂದು ಲೆಕ್ಕ ಇಡುತ್ತೇನೆ. ಒಂದೂವರೆ ಮೀಟರ್ ಅಗಲದ ಚೌಕ ಫುಟಿಂಗ್, ಅಂದರೆ ಕಂಬದ ಬುಡದ ಕಾಂಕ್ರೀಟ್ ಪಾದ, ಅಂದುಕೊಳ್ಳಿ. ಅದರ ಭಾರ ಫುಟಿಂಗಿನ ತಳಕ್ಕೆ ನಿಲ್ಲುವುದಿಲ್ಲ, ಕೆಳಗೆ ಹರಡುತ್ತಾ ಹೋಗುತ್ತದೆ. ಅಗಲದ ಎರಡರಷ್ಟು, ಅಂದರೆ ಇನ್ನೂ 3 ಮೀಟರ್ ಆಳಕ್ಕೆ ಹೋದ ಮೇಲೆ ಒತ್ತಡ ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಫುಟಿಂಗ್ ಕೂರುವುದೇ ಒಂದೂವರೆ ಮೀಟರ್ ಆಳದಲ್ಲಿ. ಹಾಗಾದರೆ ನೆಲದಿಂದ ನಾಲ್ಕೂವರೆ ಮೀಟರ್ ತನಕದ ಮಣ್ಣು ಮನೆಯನ್ನು ಹೊರುತ್ತಿದೆ. ನಿಮ್ಮ ಆರಡಿ ಗುಂಡಿ ತೋರಿಸುವುದು ಅದರ ಅರ್ಧಕ್ಕಿಂತ ಕಮ್ಮಿ. ಗಟ್ಟಿ ಪದರದ ಕೆಳಗೆ ಮೆದು ಜೇಡಿ ಇದ್ದರೆ ಗುಂಡಿಯಲ್ಲಿ ಕಾಣುವುದೇ ಇಲ್ಲ.

ಇನ್ನೊಂದು ಮಾತು: ಎದೆಮಟ್ಟಕ್ಕಿಂತ ಆಳದ ಗುಂಡಿಗೆ ಬದಿ ಆಸರೆ ಇಲ್ಲದೆ ಯಾರನ್ನೂ ಇಳಿಸಬೇಡಿ. ಮಣ್ಣು ಕುಸಿದರೆ ಮೇಲೆತ್ತಲು ಸಮಯ ಸಿಗುವುದಿಲ್ಲ.

ಮರಳು ಜಲ್ಲಿ:
ತುಂಬಿದ ಜಾಗದ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಕೆಳಗೆ ಬಂಡೆ ಅಂತ ಗೊತ್ತಿರುವ ಕಡೆ ಗುಂಡಿಯೇ ಸಾಕು ಅನ್ನುವುದು ಈಗಲೂ ನನ್ನ ಅಭಿಪ್ರಾಯ. ಮೊದಲು ಗುಂಡಿ ತೋಡಲಿ. ಅನುಮಾನ ಬಂದರೆ ಬೋರ್ ಹಾಕಿಸಲಿ.

ಹೊಸಗೂಡಿನ ಇನ್ನೊಬ್ಬ:
ನಕ್ಷೆ ಮೊದಲು ಅಂದವನು ನಾನೇ. ಒಂದು ಸಂಶಯ. ಮನೆ ಹೇಗಿರುತ್ತದೆ ಅಂತ ಗೊತ್ತಿಲ್ಲದೆ ಮಣ್ಣನ್ನು ಯಾವುದಕ್ಕೆ ಅಂತ ಪರೀಕ್ಷೆ ಮಾಡಿಸುವುದು?

ತಳಪಾಯ:
ನ್ಯಾಯವಾದ ಪ್ರಶ್ನೆ. ಕೋಣೆಗಳ ಜಾಗ ಬೇಕಿಲ್ಲ, ಅಂತಸ್ತು ಎಷ್ಟು ಅನ್ನುವುದು ಸಾಕು. ಇಂದು ಒಂದು, ಮುಂದೆ ಮೇಲೊಂದು ಅನ್ನುವ ಯೋಚನೆ ಇದ್ದರೆ ಈಗಲೇ ಹೇಳಿ. ಪಾಯವನ್ನು ಆಮೇಲೆ ದಪ್ಪ ಮಾಡುವುದು ಭಾರೀ ಕಷ್ಟ, ಖರ್ಚೂ ಜಾಸ್ತಿ.

ನಕ್ಷೆಗಾರ್ತಿ:
ನಾನು ಆರ್ಕಿಟೆಕ್ಟ್. ಆದರೂ ನಕ್ಷೆ ಮೊದಲು ಬೇಡ ಅಂತಲೇ ಹೇಳುತ್ತೇನೆ. ನನ್ನ ಹತ್ತಿರ ಬರುವ ಜೋಡಿಗೆ ಮೊದಲ ಭೇಟಿಯಲ್ಲಿ ಒಂದೊಂದು ಹಾಳೆ ಕೊಟ್ಟು ಕಳಿಸುತ್ತೇನೆ. ನಿಮ್ಮ ಒಂದು ಮಾಮೂಲಿ ದಿನವನ್ನು, ಏಳುವುದರಿಂದ ಮಲಗುವ ತನಕ, ಬೇರೆ ಬೇರೆ ಕೂತು ಬರೆಯಿರಿ, ಒಬ್ಬರದನ್ನು ಇನ್ನೊಬ್ಬರು ನೋಡಬೇಡಿ ಅನ್ನುತ್ತೇನೆ. ಒಂದು ಜೋಡಿಯಲ್ಲಿ ಆಕೆ ಐದಕ್ಕೆ ಎದ್ದು ಅಡುಗೆಮನೆಗೆ ಹೋಗುವವರು. ಆತ ರಾತ್ರಿ ಪಾಳಿ ಮುಗಿಸಿ ಮೂರಕ್ಕೆ ಮಲಗುವವರು. ಅವರು ಎಲ್ಲಿಂದಲೋ ತಂದಿದ್ದ ಪ್ಲಾನಿನಲ್ಲಿ ಹಾಸಿಗೆಯ ತಲೆದೆಸೆಯ ಗೋಡೆಗೇ ಪಾತ್ರೆ ತೊಳೆಯುವ ಸಿಂಕು ಅಂಟಿಕೊಂಡಿತ್ತು. ಹಾಳೆ ಓದಿದ ಮೇಲೆ ಇಬ್ಬರಿಗೂ ಅದು ಕಂಡಿತು.

ಎರಡನೆಯದು, ಸುಣ್ಣದ ಪುಡಿ ತಗೊಂಡು ಸೈಟಿಗೆ ಹೋಗಿ. ಕೋಣೆಯನ್ನು ನಿಜವಾದ ಅಳತೆಯಲ್ಲಿ ನೆಲದ ಮೇಲೆ ಬರೆಯಿರಿ. ಕಾಗದದಲ್ಲಿ 3 ಮೀಟರ್ ಕೋಣೆ ದೊಡ್ಡದಾಗಿಯೇ ಕಾಣುತ್ತದೆ. ಮಂಚಕ್ಕೆ 2 ಮೀಟರ್ ಹೋಯಿತು. ಎದುರು ಗೋಡೆಗೆ 60 ಸೆಂಟಿಮೀಟರ್ ಬೀರು ಇಟ್ಟರೆ ನಡುವೆ ಉಳಿಯುವುದು 40. ಬೀರುವಿನ ಬಾಗಿಲೇ ಪೂರ್ತಿ ತೆಗೆಯಲು ಬರುವುದಿಲ್ಲ. ಇದು ಸುಣ್ಣದ ಗೆರೆಯ ಮಧ್ಯೆ ನಿಂತಾಗ ಒಂದೇ ಕ್ಷಣದಲ್ಲಿ ತಿಳಿಯುತ್ತದೆ.

ಅಡುಗೆಕಟ್ಟೆಗೂ ಅಳತೆ ನಿಮ್ಮ ಮೈಯೇ. ನೇರ ನಿಂತು ಮೊಣಕೈ ಮಡಚಿ, ಅಲ್ಲಿಂದ 10ರಿಂದ 15 ಸೆಂಟಿಮೀಟರ್ ಕೆಳಗೆ ಕಟ್ಟೆ ಬಂದರೆ ಬೆನ್ನು ಬಾಗುವುದಿಲ್ಲ. ಇಬ್ಬರ ಎತ್ತರದಲ್ಲಿ ಜಾಸ್ತಿ ವ್ಯತ್ಯಾಸ ಇದ್ದರೆ ಕಟ್ಟೆಯ ಒಂದು ಭಾಗವನ್ನು ಎತ್ತರಿಸಿ. ಇಬ್ಬರೂ ಅಡುಗೆ ಮಾಡುತ್ತೀರಿ ಅಲ್ವಾ?

ಮರಳು ಜಲ್ಲಿ:
ಮೇಡಂ ಹೇಳಿದ ಹಾಳೆ ವಿಷಯ ನಮಗೂ ಬೇಕಾದದ್ದು. ಕೆಲಸ ಕೆಡುವುದು ಹೆಚ್ಚಾಗಿ ಮಧ್ಯದಲ್ಲಿ ಮಾಡುವ ಬದಲಾವಣೆಯಿಂದ. ಬೆಳಿಗ್ಗೆ ಯಜಮಾನರು ಬಂದು ಬಾಗಿಲು ಇಲ್ಲಿ ಅನ್ನುತ್ತಾರೆ, ಸಂಜೆ ಅವರ ಮನೆಯವರು ಬಂದು ಅಲ್ಲಿ ಅನ್ನುತ್ತಾರೆ. ಕಟ್ಟಿದ ಗೋಡೆ ಒಡೆಯಬೇಕು. ಮೇಸ್ತ್ರಿಯ ಹತ್ತಿರ ಮಾತಾಡುವವರು ಒಬ್ಬರೇ ಇರಲಿ.

ಎರಡು ಸಲ ಕಟ್ಟಿಸಿದವ:
ಇದನ್ನು ಒಪ್ಪುವುದಿಲ್ಲ. ಆ ಒಬ್ಬರು ಯಾವಾಗಲೂ ಗಂಡಸೇ ಆಗುತ್ತಾರೆ. ನಮ್ಮ ಮೊದಲ ಮನೆಯಲ್ಲಿ ಅದು ನಾನು. ಸ್ವಿಚ್ಚು, ಶೆಲ್ಫು, ಬಟ್ಟೆ ಒಗೆಯುವ ಜಾಗ ಎಲ್ಲ ನನ್ನ ಊಹೆಯ ಮೇಲೆ ಆಯಿತು. ನನ್ನ ಹೆಂಡತಿ ಇಂದಿಗೂ ಒದ್ದೆ ಬಟ್ಟೆಯ ಬಕೆಟ್ ಹಿಡಿದು ನಡುಮನೆ ದಾಟಬೇಕಿತ್ತಲ್ಲ ಅಂತ ನೆನೆಯುತ್ತಾಳೆ. ಎರಡನೇ ಸಲ ಒಂದು ನೋಟ್‌ಬುಕ್ ಸೈಟಿನಲ್ಲೇ ಇಟ್ಟೆವು. ಯಾವ ಬದಲಾವಣೆ ಇದ್ದರೂ ಅದರಲ್ಲಿ ಬರೆದು, ಎಷ್ಟು ಖರ್ಚು ಅಂತ ಕಂಟ್ರಾಕ್ಟರ್ ಬರೆದು, ಇಬ್ಬರೂ ಸಹಿ ಹಾಕಬೇಕು. ಸಹಿ ಒಂದೇ ಇದ್ದರೆ ಕೆಲಸ ಇಲ್ಲ.

ಮರಳು ಜಲ್ಲಿ:
ಇದು ನನ್ನ ಮಾತಿಗಿಂತ ಒಳ್ಳೆಯದು. ಪುಸ್ತಕ ಇದ್ದರೆ ನಮಗೂ ರಕ್ಷಣೆ. ದುಡ್ಡನ್ನೂ ಹಾಗೆಯೇ ಕೊಡಿ: ಪಾಯ ಮುಗಿದ ಮೇಲೆ ಪಾಯದ್ದು, ತಾರಸಿ ಮುಗಿದ ಮೇಲೆ ತಾರಸಿಯದ್ದು. ಕೊನೆಯ ಕಂತು ಒಂದು ಮಳೆಗಾಲ ಕಳೆಯುವ ತನಕ ಸ್ವಲ್ಪ ಹಿಡಿದಿಟ್ಟುಕೊಳ್ಳುತ್ತೀರಿ ಅಂತ ಕರಾರಿನಲ್ಲೇ ಬರೆಯಿರಿ. ಸರಿಯಾಗಿ ಕೆಲಸ ಮಾಡುವವನು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ತಳಪಾಯ:
ಕಾಂಕ್ರೀಟಿನ ಮಾತು ಈಗಲೇ ಬೇಡ, ಆದರೂ ಮರೆಯುವ ಮುಂಚೆ ಒಂದು. ಪ್ಲಾಸ್ಟರ್ ಹಚ್ಚುವ ಮೊದಲು ಗೋಡೆಯೊಳಗಿನ ಪ್ರತಿ ಪೈಪು, ವೈರಿನ ದಾರಿಯನ್ನು ಪಕ್ಕದಲ್ಲಿ ಅಳತೆ ಟೇಪು ಹಿಡಿದು ಫೋಟೋ ತೆಗೆದಿಡಿ. ಹತ್ತು ವರ್ಷ ಆದಮೇಲೆ ಒಂದು ಮೊಳೆ ಹೊಡೆಯುವಾಗಲೂ ಅದು ಕೆಲಸಕ್ಕೆ ಬರುತ್ತದೆ.

ಹೊಸಗೂಡು:
ಹದಿನೈದು ದಿನ ಆಯಿತು, ಏನು ಮಾಡಿದೆವು ಅಂತ ಹೇಳಬೇಕು. ಮೊದಲು ಅಳತೆ ಮಾಡಿಸಿದೆವು. ಹಿಂಬದಿಯ ಒಂದು ಗಡಿಕಲ್ಲು ಕಾಗದದಲ್ಲಿ ಇರುವುದಕ್ಕಿಂತ ಒಂದಡಿ ಒಳಗಿತ್ತು. ಪಕ್ಕದ ಸೈಟಿನವರನ್ನೂ ಕರೆದು ಅವರ ಎದುರಿಗೇ ಸರಿ ಮಾಡಿಸಿದೆವು.

ಆಮೇಲೆ ಎರಡು ಕಡೆ ಗುಂಡಿ. ಮುಂದಿನ ಗುಂಡಿಯಲ್ಲಿ ಮೂರಡಿಗೆ ಗಟ್ಟಿ ಕೆಂಪು ಮಣ್ಣು ಸಿಕ್ಕಿತು. ಹಿಂದಿನದರಲ್ಲಿ ನಾಲ್ಕಡಿ ಹೋದರೂ ಇಟ್ಟಿಗೆ ಚೂರು, ಒಡೆದ ಹೆಂಚು, ಪ್ಲಾಸ್ಟಿಕ್ ಚೀಲ. ಯಾರೋ ತಗ್ಗು ತುಂಬಿಸಿದ್ದಾರೆ. ಒಂದೇ ಸೈಟಿನಲ್ಲಿ ಎರಡು ನೆಲ. ನಮ್ಮವರು ಆ ಗುಂಡಿಯ ಪಕ್ಕ ಬಹಳ ಹೊತ್ತು ನಿಂತಿದ್ದರು. ಬೋರ್ ಹಾಕಿಸೋಣ ಅಂತ ಮೊದಲು ಹೇಳಿದವರೂ ಅವರೇ.

ಹಾಳೆಗಳನ್ನೂ ಬರೆದೆವು. ಕಿಟಕಿ ಪಕ್ಕ ಕೂತು ಓದುವ ಜಾಗ ಬೇಕು ಅಂತ ಇಬ್ಬರ ಹಾಳೆಯಲ್ಲೂ ಇತ್ತು, ಆರು ವರ್ಷದಲ್ಲಿ ಒಬ್ಬರಿಗೊಬ್ಬರು ಹೇಳಿಯೇ ಇರಲಿಲ್ಲ. ಅದನ್ನು ಸುಣ್ಣದಲ್ಲಿ ಪಶ್ಚಿಮದ ಕಡೆ ಬರೆದು ಸಂಜೆ ನಾಲ್ಕಕ್ಕೆ ಅಲ್ಲಿ ಕೂತು ನೋಡಿದೆವು. ಬಿಸಿಲು ನೇರ ಮುಖಕ್ಕೆ. ಅಷ್ಟು ಕೆಳಗಿನಿಂದ ಬರುವ ಬಿಸಿಲನ್ನು ಕಿಟಕಿ ಮೇಲಿನ ಚಜ್ಜಾ ತಡೆಯುವುದಿಲ್ಲ. ಕಾಲಿನಿಂದ ಗೆರೆ ಒರೆಸಿ ಪೂರ್ವಕ್ಕೆ ಬರೆದೆವು.

ದುಡ್ಡಿನ ಲೆಕ್ಕದಲ್ಲಿ ಪಾಯದ ಮುಂದೆ ಜಾಗ ಖಾಲಿ ಬಿಟ್ಟಿದ್ದೇನೆ. ಬೋರ್ ಹಾಕುವವರು ಗುರುವಾರ ಬರುತ್ತಾರೆ. ತಳಪಾಯ ಅವರೇ, ವರದಿ ಕೈಗೆ ಬಂದ ತಕ್ಷಣ ಇಲ್ಲಿ ಹಾಕುತ್ತೇನೆ, ದಯವಿಟ್ಟು ನೋಡಿ ಹೇಳಿ.