ಟರ್ಕಿ ಮೌತ್ ಕಾಲ್: ಬರೀ ಗಾಳಿ ಬರುತ್ತಿದೆ, ಯೆಲ್ಪ್ ಬರುತ್ತಿಲ್ಲ

ಪ್ರಶ್ನೆ:
ನಾನಿರುವುದು ಮಿಸ್ಸೌರಿಯಲ್ಲಿ. ಏಪ್ರಿಲ್‌ನಲ್ಲಿ ಟರ್ಕಿ ಕೋಳಿಯ ಬೇಟೆ ಸೀಸನ್ ಶುರುವಾಗುತ್ತದೆ. ಹೇಂಟೆಯ ಹಾಗೆ ಕೂಗಿ ಗಂಡನ್ನು ಹತ್ತಿರ ಕರೆಯಬೇಕು. ಬಾಕ್ಸ್ ಕಾಲ್ (ಕೈಯಲ್ಲಿ ಮುಚ್ಚಳ ಉಜ್ಜಿ ಆ ಸದ್ದು ತೆಗೆಯುವ ಮರದ ಪೆಟ್ಟಿಗೆ) ಚೆನ್ನಾಗಿ ಬರುತ್ತದೆ, ಆದರೆ ಗಂಡು ಹತ್ತಿರ ಬಂದಾಗ ಕೈ ಅಲ್ಲಾಡಿದರೆ ಸಾಕು, ನೋಡಿಬಿಡುತ್ತದೆ. ಅದಕ್ಕೇ ಅಂಗುಳಕ್ಕೆ ಒತ್ತಿಟ್ಟು ಊದುವ ಮೌತ್ ಕಾಲ್ ಕೊಂಡೆ: ಮೂರು ರೀಡ್ (ತೆಳು ಲೇಟೆಕ್ಸ್ ಪೊರೆ), ಬ್ಯಾಟ್‌ವಿಂಗ್ ಕಟ್ (ಮೇಲಿನ ರೀಡನ್ನು ಬಾವಲಿ ರೆಕ್ಕೆಯ ಆಕಾರಕ್ಕೆ ಕತ್ತರಿಸಿದ್ದು). ಊದಿದರೆ ಬರೀ 'ಸ್ಸ್ಸ್', ಹೇಂಟೆ ಕೂಗುವ ಯೆಲ್ಪ್ ಬರುವುದೇ ಇಲ್ಲ. ನಾಲಿಗೆಗೆ ಕಚಗುಳಿ ಬೇರೆ, ಸ್ವಲ್ಪ ಹಿಂದೆ ಸರಿದರೆ ಓಕರಿಕೆ. ಬೇರೆ ತಗೊಳ್ಳಬೇಕಾ?

ಉತ್ತರ 1:
ಕಾಲ್ ಕೆಟ್ಟಿರುವುದಿಲ್ಲ. ಪಕ್ಕದಿಂದ ಗಾಳಿ ಸೋರುತ್ತಿದೆ, ಅಷ್ಟೇ. ಕುದುರೆ ಲಾಳದಂಥ ಫ್ರೇಮ್‌ನ ತೆರೆದ ಬದಿ ಮುಂದಿನ ಹಲ್ಲಿನ ಕಡೆ ಇರಬೇಕು. ಫ್ರೇಮ್ ಸುತ್ತಲಿನ ಟೇಪಿನ ಅಂಚು ಅಂಗುಳಕ್ಕೆ ಸುತ್ತಲೂ ಅಂಟಬೇಕು. ಹಲ್ಲಿಗೆ ತಗುಲಿ ಮಡಚಿಕೊಳ್ಳುತ್ತಿದ್ದರೆ ಕತ್ತರಿಯಲ್ಲಿ ಕೂದಲೆಳೆಯಷ್ಟು ಕತ್ತರಿಸಿ, ಬಾಯಲ್ಲಿಟ್ಟು ನೋಡಿ, ಮತ್ತೆ ಕತ್ತರಿಸಿ. ಒಂದೇ ಸಲ ಜಾಸ್ತಿ ತೆಗೆದರೆ ಆಮೇಲೆ ಏನೂ ಮಾಡಲಾಗದು. ಒಳಗಿನ ಅಲ್ಯೂಮಿನಿಯಂ ಫ್ರೇಮ್ ಕತ್ತರಿಸಬೇಡಿ. ಅಂಗುಳದ ಕಮಾನಿಗೆ ಹೊಂದುವಷ್ಟು ಎರಡೂ ಪಕ್ಕ ಮೆಲ್ಲಗೆ ಬಗ್ಗಿಸಬಹುದು. ಅತಿಯಾದರೆ ರೀಡ್ ಸಡಿಲವಾಗಿ ಸ್ವರ ಕೆಡುತ್ತದೆ. ಅಂಗುಳ ಕಿರಿದಾಗಿದ್ದರೆ ಚಿಕ್ಕ ಫ್ರೇಮಿನವೂ ಸಿಗುತ್ತವೆ. ಓಕರಿಕೆ ಬಂದರೆ ಮುಂದಕ್ಕೆ ತನ್ನಿ.

ಇನ್ನು ಊದುವುದು. ತೆಂಗಿನ ಗರಿಯ ಪೀಪಿ ಊದುವ ಹಾಗೆ ಕೆನ್ನೆ ಉಬ್ಬಿಸಬೇಡಿ. ಕನ್ನಡಕ ಒರೆಸುವಾಗ 'ಹಾ' ಅಂತ ಬಿಸಿ ಉಸಿರು ಬಿಡುತ್ತೀವಲ್ಲ, ಆ ಗಾಳಿ ಹೊಟ್ಟೆಯಿಂದ ಬರಬೇಕು. ಮೊದಲು ನಾಲಿಗೆ ಒತ್ತಿ ಒಂದೇ ಎಳೆಯ ತೆಳು ಸ್ವರ ತೆಗೆಯಿರಿ. ಅದು ನಿಂತ ಮೇಲೆ 'ಚಾಕ್' ಅನ್ನುತ್ತಾ ದವಡೆ ಕೆಳಗೆ ಬಿಡಿ. ಮೇಲಿನ ಸ್ವರ ಒಡೆದು ಕೆಳಗೆ ಬೀಳುತ್ತದೆ. ಅದೇ ಯೆಲ್ಪ್.

ಉತ್ತರ 2:
ಮೇಲಿನದೆಲ್ಲ ಸರಿ, ಆದರೆ ಕಲಿಯುವವರಿಗೆ ಮೂರು ರೀಡಿನ ಬ್ಯಾಟ್‌ವಿಂಗ್ ಯಾಕೆ? ಅದು ವಯಸ್ಸಾದ ಹೇಂಟೆಯ ಒರಟು ದನಿಗೆ. ಗಾಳಿಯೂ ಜಾಸ್ತಿ ಬೇಕು. ಕಟ್ ಇಲ್ಲದ ಎರಡು ರೀಡಿನದು ತಗೊಳ್ಳಿ, ಕ್ಲಕ್ (ಚಿಕ್ಕ ಒಂಟಿ ಸ್ವರ), ಯೆಲ್ಪ್, ಕೀ-ಕೀ (ಮರಿಗಳ ಸಿಳ್ಳೆಯಂಥ ಕೂಗು) ಮೂರೂ ಬರುತ್ತವೆ. ಈಗಿರುವುದನ್ನು ಎಸೆಯಬೇಡಿ, ಆಮೇಲೆ ಬೇಕಾಗುತ್ತದೆ. ಲೇಟೆಕ್ಸ್ ಅಲರ್ಜಿ ಇದ್ದರೆ ಮಾತ್ರ ಈ ಕಡೆಗೇ ಬರಬೇಡಿ, ಬಾಕ್ಸ್ ಕಾಲೇ ಸಾಕು.

ಪ್ರಶ್ನಿಸಿದವರು:
ಟೇಪ್ ಕತ್ತರಿಸಿದೆ, ಸದ್ದು ಬಂತು! ಆದರೆ ರಾತ್ರಿ ಡಬ್ಬಿಯಲ್ಲಿಟ್ಟು ಬೆಳಿಗ್ಗೆ ತೆಗೆದರೆ ಮತ್ತೆ ಮೂಕ.

ಉತ್ತರ 1:
ಎಂಜಲು ಒಣಗಿ ರೀಡುಗಳು ಒಂದಕ್ಕೊಂದು ಅಂಟಿವೆ. ಬಾಯಲ್ಲಿ ನೆನೆಸಿ, ಚಪ್ಪಟೆ ಟೂತ್‌ಪಿಕ್‌ನಿಂದ ಮೆಲ್ಲಗೆ ಬಿಡಿಸಿ. ಇನ್ನು ಮೇಲೆ ಬಳಸಿದ ಕೂಡಲೇ ತಣ್ಣೀರಲ್ಲಿ ತೊಳೆದು, ನಡುವೆ ಟೂತ್‌ಪಿಕ್ ಸಿಕ್ಕಿಸಿ ಒಣಗಿಸಿ, ಫ್ರಿಜ್‌ನಲ್ಲಿಡಿ. ಬಿಸಿಲಿಗೆ ಕಾದ ಕಾರಿನಲ್ಲಿ ಬಿಟ್ಟರೆ ಲೇಟೆಕ್ಸ್ ಬೇಗ ಸಾಯುತ್ತದೆ. ಅಭ್ಯಾಸಕ್ಕೆ ಕಾರೇ ಒಳ್ಳೆ ಜಾಗ, ಮನೆಯವರ ತಲೆನೋವೂ ತಪ್ಪುತ್ತದೆ. ಬೇಟೆಯಾಡುವ ಕಾಡಿನಲ್ಲಿ ಮಾತ್ರ ಸೀಸನ್‌ಗೆ ಮುಂಚೆ ಊದಬೇಡಿ, ಗಂಡುಗಳು ಹುಷಾರಾಗುತ್ತವೆ.