ಸಹಾಯ ಬೇಕು: ಯುಡಿಡಿಐ ರಿಜಿಸ್ಟ್ರಿಯಲ್ಲಿ ಎರಡನೇ ಪಬ್ಲಿಷರ್‌ಗೆ ‘ಕೀ ಅನ್‌ಅವೈಲಬಲ್’ ಎರರ್

ನಮಸ್ಕಾರ. ಯುಡಿಡಿಐ ಅಂದರೆ ವೆಬ್ ಸರ್ವಿಸ್‌ಗಳ ವಿವರ ದಾಖಲಿಸಿ ಹುಡುಕೋ ರಿಜಿಸ್ಟ್ರಿಯ ಮಾನದಂಡ. ನಾನು ಬಳಸ್ತಿರೋದು ಅದರ ಸಾಫ್ಟ್‌ವೇರ್ ಅಪಾಚೆ ಜೆಯುಡಿಡಿಐ, ಯುಡಿಡಿಐ 3ನೇ ಆವೃತ್ತಿಯ ಎಪಿಐ. ಹಳೆಯ ಸಿಸ್ಟಮ್ಮು, ಬದಲಿಸೋಕಾಗಲ್ಲ. ‘ಯುಡಿಡಿಐ ಬಿಟ್ಟುಬಿಡಿ’ ಅನ್ನೋ ಸಲಹೆ ದಯವಿಟ್ಟು ಬೇಡ.

ಕೀ ಜನರೇಟರ್ ಟಿಮಾಡೆಲ್ (ಒಂದೇ ಮೊದಲ ಭಾಗ ಇರೋ ಕೀಗಳ ವಿಭಾಗ ಯಾರದು ಅಂತ ತೋರಿಸೋ ದಾಖಲೆ) ಅನ್ನು ಮೊದಲ ಪಬ್ಲಿಷರ್‌ನ (ರಿಜಿಸ್ಟ್ರಿಗೆ ದಾಖಲೆ ಸೇರಿಸೋ ಬಳಕೆದಾರ) ಆಥ್ ಟೋಕನ್‌ನಿಂದ (ಲಾಗಿನ್ ಗುರುತು) ಸೇವ್ ಮಾಡಿದೆ. ಅದೇ ಟೋಕನ್‌ನಲ್ಲಿ ನಮ್ಮ ಡೊಮೇನ್ ಹೆಸರಿನ ಕೀ ಕೊಟ್ಟು ‘ಸೇವ್ ಸರ್ವಿಸ್’ ಕರೆದರೆ ಸರಿಯಾಗಿ ಹೋಗುತ್ತೆ. ಎರಡನೇ ಪಬ್ಲಿಷರ್ ತನ್ನದೇ ಬಿಸಿನೆಸ್ ಎಂಟಿಟಿಯ (ಸರ್ವಿಸ್ ಕೊಡೋ ಸಂಸ್ಥೆಯ ದಾಖಲೆ) ಕೆಳಗೆ ಕರೆದರೆ ಮೇಲಿನ ಎರರ್. ಕಾರಣ ಗೊತ್ತು: ಆ ಕೀ ವಿಭಾಗದ ಒಡೆತನ ಅವನದಲ್ಲ. ಕೀ ಖಾಲಿ ಬಿಟ್ಟರೆ ರಿಜಿಸ್ಟ್ರಿಯೇ ಒಂದನ್ನು ಹುಟ್ಟಿಸುತ್ತೆ, ಆದರೆ ಟೆಸ್ಟ್ ಮತ್ತು ಪ್ರೊಡಕ್ಷನ್‌ನಲ್ಲಿ ಒಂದೇ ಕೀ ಇರಬೇಕು.

ಯೋಚನೆ ಹೀಗಿದೆ: ಮೊದಲನೆಯವನು ಉಪವಿಭಾಗಕ್ಕೆ ಇನ್ನೊಂದು ಕೀ ಜನರೇಟರ್ ಸೇವ್ ಮಾಡಿ, ‘ಗೆಟ್ ಟ್ರಾನ್ಸ್‌ಫರ್ ಟೋಕನ್’ ಕರೆದು ಒಡೆತನ ವರ್ಗಾಯಿಸೋ ಟೋಕನ್ ಪಡೆಯೋದು, ಅವಧಿ ಮುಗಿಯೋದರೊಳಗೆ ಎರಡನೆಯವನು ಅದೇ ಕೀ ಬ್ಯಾಗ್ (ವರ್ಗಾಯಿಸಬೇಕಾದವುಗಳ ಕೀ ಪಟ್ಟಿ) ಕೊಟ್ಟು ‘ಟ್ರಾನ್ಸ್‌ಫರ್ ಎಂಟಿಟೀಸ್’ ಕರೆಯೋದು. ಇದನ್ನು ಜೆಯುಡಿಡಿಐನಲ್ಲಿ ಮಾಡಿ ನೋಡಿದವರಿದ್ದೀರಾ? ಆ ಉಪವಿಭಾಗದಲ್ಲಿ ಮೊದಲನೆಯವನು ಆಗಲೇ ಸೇರಿಸಿದ ಸರ್ವಿಸ್‌ಗಳನ್ನು ಆಮೇಲೂ ಅವನೇ ತಿದ್ದಬಹುದಾ?

ಅಂದಹಾಗೆ ಇನ್ನೊಂದು ತೊಂದರೆ, ಹೆಸರಿನಿಂದ ಸರ್ವಿಸ್ ಹುಡುಕೋ ‘ಫೈಂಡ್ ಸರ್ವಿಸ್’ ಖಾಲಿ ಬರ್ತಿದ್ದದ್ದು ಬಗೆಹರೀತು. 2ನೇ ಆವೃತ್ತಿಯಲ್ಲಿ ಹೆಸರಿನ ಮೊದಲ ಭಾಗ ಸಾಕಿತ್ತು. 3ರಲ್ಲಿ ಪೂರ್ತಿ ಹೊಂದಬೇಕು. ‘ಅಪ್ರಾಕ್ಸಿಮೇಟ್ ಮ್ಯಾಚ್’ ಕ್ವಾಲಿಫೈಯರ್ (ಹುಡುಕೋ ರೀತಿ ಹೇಳೋ ಆಯ್ಕೆ) ಹಾಕಿ, ಹೆಸರಿನ ಕೊನೆಗೆ % ಇಟ್ಟ ಮೇಲೆ ಸಿಕ್ಕಿತು.

ಸೋಪ್ ರಿಕ್ವೆಸ್ಟ್‌ಗಳನ್ನು (ರಿಜಿಸ್ಟ್ರಿಗೆ ಕಳಿಸಿದ ಎಕ್ಸ್‌ಎಂಎಲ್ ಸಂದೇಶಗಳು) ಟೋಕನ್ ಅಳಿಸಿ ಕಾಮೆಂಟ್‌ನಲ್ಲಿ ಹಾಕ್ತೀನಿ.